ಸಲಾಮಿಯಲ್ಲದ ಸಲಾಮಿಯ ಕುರಿತು ನಮ್ಮ ಮನೆಯ ಫ್ರಿಜ್ಜಿಗೆ

ಮಾನ್ಯರೇ,

ಊರೆಲ್ಲ ಏಪ್ರಿಲ್ ಬಿಸಿಲಿಗೆ ಬೆವರುತ್ತಿರುವಾಗಲೂ ಒಡಲೊಳಗೆ ಮಾಘಮಾಸವನ್ನು ಇಟ್ಟುಕೊಂಡು ನಮ್ಮ ಅಡುಗೆಮನೆಯ ಕಿಟಕಿಯ ಪಕ್ಕದಲ್ಲಿ ವಿರಾಜಮಾನರಾಗಿರುವ ಶ್ರೀಮಾನ್ ಫ್ರಿಜ್ ಮಹಾಶಯರ ಸನ್ನಿಧಾನಕ್ಕೆ, ಶಿವಮೊಗ್ಗದ ರವೀಂದ್ರನಗರದ ನಿವಾಸಿಯೂ ನಿವೃತ್ತ ಕನ್ನಡ ಶಿಕ್ಷಕಿಯೂ ಆದ ಶಾಮಲಾ ಮಾಡುವ ವಂದನೆಗಳು. ಇಲ್ಲಿ ನಾವೆಲ್ಲ ಕ್ಷೇಮ. ತಾವೂ ಕ್ಷೇಮವೆಂದು ತಮ್ಮ ಕಂಪ್ರೆಸರಿನ ಗೊರಕೆಯಿಂದ ತಿಳಿದು ಸಂತೋಷಪಟ್ಟಿದ್ದೇನೆ.

ಕಳೆದ ದೀಪಾವಳಿಗೆ ನನ್ನ ಮಗ ಪ್ರಣವ ತಮ್ಮನ್ನು ಮನೆ ತುಂಬಿಸಿಕೊಂಡಾಗ, ತಾವು ಬರೀ ಫ್ರಿಜ್ ಅಲ್ಲ, ಬುದ್ಧಿವಂತ ಫ್ರಿಜ್ ಎಂದು ಪರಿಚಯಿಸಿದ್ದ. ಒಳಗಿನ ಕ್ಯಾಮೆರಾದಲ್ಲಿ ಪ್ರತಿಯೊಂದು ಪದಾರ್ಥವನ್ನೂ ನೋಡಿ, ಇಂಥದ್ದೆಂದು ಗುರುತಿಸಿ, ಅದು ಕೆಡುವ ಮೊದಲೇ ಮನೆಯವರೆಲ್ಲರ ಮೊಬೈಲಿಗೆ ಕನ್ನಡದಲ್ಲಿ ಸಂದೇಶ ಕಳಿಸುತ್ತೀರೆಂದು ಹೇಳಿದ್ದ. ಕನ್ನಡದಲ್ಲಿ ಎಂದದ್ದೇ ತಡ, ನಾನು ತಮಗೆ ಅರಿಶಿನ ಕುಂಕುಮ ಹಚ್ಚಿದೆ. ಮೊದಲ ವಾರದಲ್ಲೇ ತಾವು ಮೊಸರನ್ನು ‘ಅವಧಿ ಮೀರಿದ ಹಾಲು, ದಯವಿಟ್ಟು ಎಸೆಯಿರಿ’ ಎಂದಿರಿ. ದೋಸೆ ಹಿಟ್ಟನ್ನು ಗೋಡೆಗೆ ಬಳಿಯುವ ಬಣ್ಣವೆಂದಿರಿ. ಹಲಸಿನ ಹಣ್ಣಿನ ಹೋಳನ್ನು ಕಂಡಾಗ ‘ಅಪರಿಚಿತ ಪ್ರಾಣಿ’ ಎಂದು ಎಚ್ಚರಿಸಿದಿರಿ. ನಾವು ನಕ್ಕು ಸುಮ್ಮನಾದೆವು. ಹೊಸಬರು, ಕಲಿಯುತ್ತಾರೆ ಬಿಡಿ ಎಂದುಕೊಂಡೆವು. ನನ್ನ ವೃತ್ತಿಯಲ್ಲಿ ಇದಕ್ಕಿಂತ ಧೈರ್ಯದ ಉತ್ತರಗಳನ್ನು ಕಂಡಿದ್ದೇನೆ, ಅಂಥವರನ್ನು ಪಾಸೂ ಮಾಡಿದ್ದೇನೆ.

ಆದರೆ ಹೋದ ಭಾನುವಾರ ತಾವು ತೋರಿದ ಪಾಂಡಿತ್ಯದ ಬಗ್ಗೆ ಸುಮ್ಮನಿರಲು ಸಾಧ್ಯವಿಲ್ಲ. ವಿಷಯ ತಮಗೆ ಅರ್ಥವಾಗಬೇಕಾದರೆ ನಮ್ಮ ಮನೆಯ ಹೊರಗಿನ ಹವಾಮಾನವನ್ನೂ ಸ್ವಲ್ಪ ವಿವರಿಸಬೇಕಾಗುತ್ತದೆ.

ನನ್ನ ಯಜಮಾನರಾದ ವೆಂಕಟಾಚಲ ಅವರು ಸಂಸ್ಕೃತದ ಮೇಷ್ಟ್ರಾಗಿದ್ದವರು. ಅವರ ಅಕ್ಕ ವಿಶಾಲಮ್ಮನವರು ಭದ್ರಾವತಿಯ ಹಳೇನಗರದಲ್ಲಿದ್ದಾರೆ. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ಓದಿಸಿದವರು ಅವರೇ ಆದ್ದರಿಂದ, ನಮ್ಮ ಮನೆಯಲ್ಲಿ ಅವರ ಮಾತಿನ ಮೇಲೆ ಇನ್ನೊಂದು ಮಾತಿಲ್ಲ. ಹೋದ ವರ್ಷ ಪ್ರಣವ ಲಿಖಿತಾ ಎಂಬ ಹುಡುಗಿಯನ್ನು ಮೆಚ್ಚಿ ಮದುವೆಯಾದ. ಕಣ್ಣಿನ ಆಸ್ಪತ್ರೆಯೊಂದರಲ್ಲಿ ಕನ್ನಡಕಕ್ಕಾಗಿ ದೃಷ್ಟಿ ಪರೀಕ್ಷೆ ಮಾಡುವ ಕೆಲಸ ಅವಳದು. ಅವಳೂ ಭದ್ರಾವತಿಯವಳೇ, ನ್ಯೂಟೌನಿನ ಹುಡುಗಿ. ಅವಳ ತವರಿಗೂ ನಮ್ಮ ಅತ್ತಿಗೆಯ ಮನೆಗೂ ನಡುವೆ ಅಡ್ಡ ಬರುವುದು ಹೊಳೆಯೊಂದೇ. ಆದರೆ ಅವರ ಮನೆಯಲ್ಲಿ ಭಾನುವಾರ ಮಾಂಸದ ಅಡುಗೆ. ಅತ್ತಿಗೆಗೆ ಅದು ಹೊಳೆಗಿಂತ ಅಗಲವಾಗಿ ಕಂಡಿತು. ಮದುವೆಗೆ ಬಂದರು, ಅಕ್ಷತೆ ಹಾಕಿದರು, ಊಟಕ್ಕೆ ಕೂರದೆ ಹೊರಟರು. ಆಮೇಲೆ ನಮ್ಮ ಮನೆಗೆ ಬಂದಾಗಲೂ ಒಲೆಯ ಮೇಲೆ ಬೆಂದದ್ದು ಯಾವುದನ್ನೂ ಮುಟ್ಟಲಿಲ್ಲ. ಬಾಳೆಹಣ್ಣು, ಎಳನೀರು, ತಾವೇ ಡಬ್ಬಿಯಲ್ಲಿ ತಂದ ಅವಲಕ್ಕಿ, ಇಷ್ಟೇ. ಅವರು ಹೋದ ಮೇಲೆ, ಅವರು ಮುಟ್ಟದೇ ಬಿಟ್ಟ ತಟ್ಟೆಯನ್ನು ಲಿಖಿತಾ ತುಂಬಾ ಹೊತ್ತು ತೊಳೆಯುತ್ತಿದ್ದಳು. ಅದನ್ನು ನೋಡುತ್ತ ನಿಲ್ಲುವುದು ನನಗೆ ಕಷ್ಟವಾಗುತ್ತಿತ್ತು. ತಾವು ಅಲ್ಲೇ ಇದ್ದಿರಿ, ಆದರೆ ಆ ಬಗ್ಗೆ ಯಾರಿಗೂ ಸಂದೇಶ ಕಳಿಸಲಿಲ್ಲ.

ಹೀಗಿರುವಾಗ ಅವಳು ಒಂದು ಸಂಜೆ ಮೊಬೈಲು ಹಿಡಿದು ಅಡುಗೆಮನೆಗೆ ಓಡಿ ಬಂದಳು. ಇಟಲಿಯವರು ಮಾಡುವ ಒಂದು ಸಿಹಿತಿಂಡಿಯಂತೆ. ಚಾಕೊಲೇಟು, ಬೆಣ್ಣೆ, ಬಿಸ್ಕತ್ತಿನ ಚೂರು ಕಲಸಿ, ಉರುಳೆ ಮಾಡಿ, ತಣ್ಣಗಿಟ್ಟು, ಬಿಲ್ಲೆ ಬಿಲ್ಲೆಯಾಗಿ ಕೊಯ್ಯುವುದಂತೆ. ಓವನ್ ಬೇಡ, ಬೇಯಿಸುವ ಮಾತೇ ಇಲ್ಲ.

“ಅಮ್ಮ, ಬೆಂಕಿ ತಾಗದೇ ಇರೋದನ್ನ ದೊಡ್ಡತ್ತೆ ತಿಂತಾರೆ ತಾನೇ? ಹಾಗಾದ್ರೆ ಇದನ್ನ ಅವರು ಬೇಡ ಅನ್ನೋಕೆ ಆಗಲ್ಲ” ಎಂದಳು.

ಈ ಹುಡುಗಿ ವಕೀಲಿಕೆ ಓದಬೇಕಿತ್ತು ಎಂದು ನನಗೆ ಅನ್ನಿಸಿತು. ಪ್ರಶ್ನೆಯನ್ನು ಯಜಮಾನರ ಮುಂದಿಟ್ಟೆವು. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ತೀರ್ಪು ಕೊಟ್ಟರು: ಬಿಸ್ಕತ್ತು ಕಾರ್ಖಾನೆಯಲ್ಲಿ ಬೆಂದದ್ದು ನಿಜ, ಆದರೆ ಅಕ್ಕ ದಿನಾ ಬೆಳಗ್ಗೆ ಅದನ್ನೇ ಕಾಫಿಗೆ ಅದ್ದಿ ತಿನ್ನುವುದರಿಂದ ಅದು ರೂಢಿಬಲದಿಂದ ಶುದ್ಧ, ಬೆಣ್ಣೆಗೆ ದೋಷವಿಲ್ಲ, ಚಾಕೊಲೇಟಿನ ಬಗ್ಗೆ ಋಷಿಗಳು ಏನೂ ಹೇಳಿಲ್ಲ. ಇಟಲಿಯವರು ಹಸಿ ಮೊಟ್ಟೆ ಹಾಕುವುದುಂಟಂತೆ, ಅದರ ಬದಲು ಲಿಖಿತಾ ಗಟ್ಟಿ ಸಿಹಿ ಹಾಲಿನ ಡಬ್ಬಿ ತಂದಳು. ಉಳಿದದ್ದು ಒಂದೇ ತೊಡಕು. ಚಾಕೊಲೇಟನ್ನು ಕರಗಿಸಬೇಕಲ್ಲ, ಒಲೆ ಹಚ್ಚಿದರೆ ಅಲ್ಲಿಗೆ ಕೇಸು ವಜಾ.

“ಶಿವಮೊಗ್ಗದ ಬಿಸಿಲು ಇರೋದ್ಯಾತಕ್ಕೆ ಮಾರಾಯ್ತಿ!” ಎಂದೆ ನಾನು.

ಶನಿವಾರ ಮಧ್ಯಾಹ್ನ ಸ್ಟೀಲ್ ಪಾತ್ರೆಗೆ ಚಾಕೊಲೇಟು, ಬೆಣ್ಣೆ ಹಾಕಿ, ಮೇಲೆ ಗಾಜಿನ ತಟ್ಟೆ ಮುಚ್ಚಿ ತಾರಸಿಯ ಮೇಲೆ ಇಟ್ಟೆವು. ಕಾಗೆ ಬಾರದಂತೆ ನಾನು ಕೊಡೆ ಹಿಡಿದು ಕಾವಲು ಕುಳಿತೆ. ಪಕ್ಕದ ಮನೆಯವರು ಸಂಡಿಗೆಯಾ ಎಂದು ಕೇಳಿದರು; ಹೌದು, ಇಟಲಿ ಸಂಡಿಗೆ ಎಂದೆ. ನೋಡನೋಡುತ್ತಿದ್ದಂತೆ ಚಾಕೊಲೇಟು ಮೂಲೆ ಕಳೆದುಕೊಂಡು ಕುಸಿಯಿತು, ಬೆಣ್ಣೆ ಅದರೊಳಗೆ ಹಳದಿ ಗೆರೆಗಳಾಗಿ ಹರಿಯಿತು. ಲಿಖಿತಾ ಅದಕ್ಕೆ ಸಿಹಿ ಹಾಲು ಬೆರೆಸಿ, ಮುರಿದ ಬಿಸ್ಕತ್ತು, ಗೋಡಂಬಿ ಸುರಿದು ಕಲಸಿದಳು. ಬಿಸ್ಕತ್ತನ್ನು ಪುಡಿ ಮಾಡಬಾರದಂತೆ, ಕೊಯ್ದಾಗ ಬಿಳಿ ಚೂರುಗಳು ಕಾಣಬೇಕಂತೆ. ಎಣ್ಣೆಕಾಗದದಲ್ಲಿ ಸುತ್ತಿ ಉರುಳಿಸಿದಾಗ ಮುಂಗೈ ಗಾತ್ರದ ಉರುಳೆಯಾಯಿತು. ಅದನ್ನು ತಮ್ಮ ಮಡಿಲಿಗೆ ಒಪ್ಪಿಸಿದೆವು. ಭಾನುವಾರ ಬೆಳಗ್ಗೆ ಹೊರತೆಗೆದಾಗ ಅದು ಬಂದೋಬಸ್ತಾಗಿ ಗಟ್ಟಿಯಾಗಿತ್ತು. ಈ ವಿಷಯದಲ್ಲಿ ತಮ್ಮ ಕೆಲಸ ನಿರ್ದುಷ್ಟವಾಗಿತ್ತೆಂದು ಮನಃಪೂರ್ವಕ ಒಪ್ಪುತ್ತೇನೆ. ತಣ್ಣಗಿಡುವುದೊಂದನ್ನೇ ಮಾಡುತ್ತಿದ್ದರೆ ತಾವು ದೇವತಾಸಮಾನರು.

ಕೊನೆಗೆ ಅವಳು ಕಾಗದ ಬಿಚ್ಚಿ, ಮೇಲೆ ಸಕ್ಕರೆ ಪುಡಿ ಉದುರಿಸಿ, ಬಿಳಿ ದಾರದಿಂದ ಅಡ್ಡಡ್ಡ ಬಿಗಿದು ಕಟ್ಟಿದಳು. ಇಟಲಿಯ ಪದ್ಧತಿ ಹಾಗಂತೆ. ಆ ದೇಶದಲ್ಲಿ ಸಲಾಮಿ ಎಂಬ ಮಾಂಸದ ಉರುಳೆ ಇದೆ, ಇದು ನೋಡಲು ಥೇಟ್ ಅದರಂತೆ ಇರಬೇಕು, ತಮಾಷೆ ಇರುವುದೇ ಅಲ್ಲಿ, ಆದ್ದರಿಂದ ಇದರ ಹೆಸರು ಚಾಕೊಲೇಟ್ ಸಲಾಮಿ ಎಂದಳು. ಹೆಸರು ಕೇಳಿ ನನಗೆ ಅತ್ತಿಗೆಯ ನೆನಪಾಯಿತು. ಆದರೂ ಅವಳ ಮುಖದಲ್ಲಿ ಬಹಳ ದಿನದ ಮೇಲೆ ಕಂಡ ನಗು ನೋಡಿ ಬಾಯಿ ಮುಚ್ಚಿಕೊಂಡು, ಉರುಳೆಯನ್ನು ಮತ್ತೆ ತಮ್ಮೊಳಗೆ ಇಟ್ಟೆ.

ಮಹನೀಯರೇ, ಆಗಲೇ ತಮ್ಮ ಪ್ರತಿಭೆ ಜಾಗೃತವಾದದ್ದು. ಮೊಸರು ಯಾವುದು, ಹಾಲು ಯಾವುದು ತಿಳಿಯದ ತಾವು, ಐದಾರು ತಿಂಗಳು ಹಿಟ್ಟನ್ನು ಬಣ್ಣವೆಂದ ತಾವು, ಅದೊಂದನ್ನು ಮಾತ್ರ ಕ್ಷಣಾರ್ಧದಲ್ಲಿ ಗುರುತಿಸಿದಿರಿ. ‘ನಿಮ್ಮ ಮನೆಯ ಫ್ರಿಜ್ಜಿನಲ್ಲಿ ಹಂದಿಮಾಂಸದ ಸಲಾಮಿ ಇದೆ. ಮೂರು ದಿನಗಳೊಳಗೆ ಸೇವಿಸಿ ಆನಂದಿಸಿ’ ಎಂಬ ಸಂದೇಶ ನಮ್ಮೆಲ್ಲರ ಮೊಬೈಲಿಗೆ ಬಂತು. ನಾವು ನಗಲು ಬಾಯಿ ತೆರೆದೆವು. ಅಷ್ಟರಲ್ಲಿ ಪ್ರಣವನ ಮುಖ ಬಿಳುಚಿಕೊಂಡಿತು.

“ಅಮ್ಮ... ದೊಡ್ಡತ್ತೆ ನಂಬರನ್ನೂ ನಾನು ಅದ್ರಲ್ಲಿ ಸೇರಿಸಿದ್ದೀನಿ. ಮನೆಗೆ ಹಿರಿಯರು ಅಂತ.”

ಆ ದಿನ ನಮ್ಮಲ್ಲಿಗೆ ಬರಬೇಕಿದ್ದ ಅತ್ತಿಗೆ ಇಷ್ಟರಲ್ಲಿ ಭದ್ರಾವತಿಯಲ್ಲಿ ಬಸ್ಸು ಹತ್ತಿಯಾಗಿತ್ತು. ಅವರಿಗೆ ಇತ್ತೀಚೆಗೆ ಕಣ್ಣಿನ ಪೊರೆಯ ಆಪರೇಷನ್ ಆಗಿದೆ. ಓದಲು ಶ್ರಮವಾಗಬಾರದೆಂದು, ಬಂದ ಸಂದೇಶವನ್ನು ಮೊಬೈಲೇ ಗಟ್ಟಿಯಾಗಿ ಓದಿ ಹೇಳುವಂತೆ ಮಾಡಿಕೊಟ್ಟಿದ್ದವಳು ಲಿಖಿತಾಳೇ. ಆಮೇಲೆ ಅತ್ತಿಗೆಯೇ ಹೇಳಿದ ಪ್ರಕಾರ, ಕಿಕ್ಕಿರಿದ ಆ ಬಸ್ಸಿನಲ್ಲಿ ಅವರ ಮಡಿಲ ಚೀಲದೊಳಗಿಂದ ರೈಲ್ವೆ ಸ್ಟೇಷನ್ನಿನ ದನಿಯಲ್ಲಿ ತಮ್ಮ ಸಂದೇಶ ಮೊಳಗಿತು. ಡ್ರೈವರು ತಿರುಗಿ ನೋಡಿದನಂತೆ. ಪಕ್ಕದಲ್ಲಿ ಕೂತಿದ್ದ ಹೊಳೆಹೊನ್ನೂರಿನ ಹೆಂಗಸು ಬಹಳ ಕಾಳಜಿಯಿಂದ, “ಅಜ್ಜಿ, ಈ ಸೆಕೇಲಿ ಮೂರು ದಿನ ಎಲ್ಲಾ ಇಡಬೇಡಿ. ಇವತ್ತೇ ಮೆಣಸು ಮುಂದಾಗಿ ಹಾಕಿ ಹುರಿದುಬಿಡಿ” ಎಂದಳಂತೆ.

“ನಮ್ಮಲ್ಲಿ ಅದೆಲ್ಲ ಇಲ್ಲಮ್ಮ” ಎಂದರಂತೆ ಅತ್ತಿಗೆ.

“ಅಯ್ಯೋ, ನಾಚ್ಕೋತೀರಲ್ಲ. ಈಗೆಲ್ಲಾ ಯಾರು ತಿನ್ನಲ್ಲ ಹೇಳಿ?”

ಅತ್ತಿಗೆ ಇಲ್ಲವೆಂದಷ್ಟೂ ಬಸ್ಸಿಗೆ ನಂಬಿಕೆ ಬಲವಾಯಿತು. ತಮ್ಮ ಕರ್ತವ್ಯನಿಷ್ಠೆಯೋ, ಯಾರೂ ‘ಸರಿ’ ಒತ್ತಲಿಲ್ಲವೆಂದು ಆ ಸಂದೇಶವನ್ನು ಮತ್ತೆ ಮತ್ತೆ ಕಳಿಸಿತು. ಕೊನೆಕೊನೆಗೆ ಹಿಂದಿನ ಸೀಟಿನವರು ‘ಸೇವಿಸಿ ಆನಂದಿಸಿ’ ಎಂಬ ಕಡೆ ತಾವೂ ದನಿಗೂಡಿಸಿದರಂತೆ.

ಇಲ್ಲಿ ನಮ್ಮ ಮನೆಯಲ್ಲಿ ಯುದ್ಧಕಾಲದ ಸಭೆ. ಯಜಮಾನರು ಅಕ್ಕನಿಗೆ ಫೋನು ಮಾಡಿದರೆ ಎತ್ತುವವರಿಲ್ಲ. ದಾರ ಬಿಚ್ಚಿ, ಉಂಡೆ ಕಟ್ಟಿ, ‘ಬಿಸ್ಕತ್ತಿನ ಲಾಡು’ ಎಂದುಬಿಡೋಣ ಎಂದು ಪ್ರಣವನ ಸಲಹೆ. ನಾನೂ ಹೂಂ ಎಂದೆ. ಲಿಖಿತಾ ಒಪ್ಪಲಿಲ್ಲ.

“ನಾನು ಸುಳ್ಳು ಹೇಳಿ ತಿನ್ನಿಸಿದ್ರೆ, ಅವರು ಇಷ್ಟು ದಿನ ತಿನ್ನದೇ ಇದ್ದದ್ದೇ ಸರಿ ಅಂತ ಆಗುತ್ತೆ” ಎಂದಳು. ಪ್ರಣವ ದಾರದ ಮೇಲಿಂದ ಕೈ ತೆಗೆದ.

ಆಟೋ ಬಂದು ನಿಂತಿತು. ಅತ್ತಿಗೆ ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು, “ಅದೇನಿದೆಯೋ ಅದನ್ನ ಈಚೆಗೆ ತಾ” ಎಂದರು. ಲಿಖಿತಾ ತಟ್ಟೆಯಲ್ಲಿಟ್ಟು ತಂದಳು. ನಾನು ಆಣೆ ಮಾಡಿ ಹೇಳುತ್ತೇನೆ, ಲೋಕದಲ್ಲಿ ಯಾವ ಸಿಹಿತಿಂಡಿಯೂ ಅಷ್ಟು ಅಪರಾಧಿಯಂತೆ ಕಂಡಿರಲಾರದು.

“ಇದರ ಹೆಸರೇನು?”

“ಚಾಕೊಲೇಟ್ ಸಲಾಮಿ, ದೊಡ್ಡತ್ತೆ. ಆ ಮಾಂಸದ ಥರ ಕಾಣಲಿ ಅಂತಾನೇ ಹೀಗೆ ಕಟ್ಟೋದು. ಆದರೆ ಇದರಲ್ಲಿ ಮಾಂಸ ಇಲ್ಲ, ಮೊಟ್ಟೆ ಇಲ್ಲ. ಒಲೆ ಕೂಡ ಹಚ್ಚಿಲ್ಲ, ಬಿಸಿಲಲ್ಲಿ ಕರಗಿಸಿದ್ದು. ನೀವು ತಿನ್ನಲಿ ಅಂತ.” ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದೇ ಮುಂದುವರಿಸಿದಳು. “ನಮ್ಮ ಮನೇಲಿ ಮಾಂಸ ತಿಂತಾರೆ. ಮದುವೆಗೆ ಮುಂಚೆ ನಾನೂ ತಿಂತಿದ್ದೆ. ಅದನ್ನ ಇಲ್ಲ ಅನ್ನಲ್ಲ. ಇದು ಅದಲ್ಲ ಅಂತ ಹೇಳ್ತಿದ್ದೀನಿ, ಅಷ್ಟೇ. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು.”

ಅತ್ತಿಗೆ ಅಲ್ಲೇ ಕುರ್ಚಿ ಎಳೆದು ಕೂತು ಹೇಳಿದರು: “ಬಸ್ಸಲ್ಲಿ ನಾನೂ ಇದನ್ನೇ ಹೇಳ್ದೆ ಕಣೆ. ಅಲ್ಲ, ಅಲ್ಲ ಅಂತ. ಒಬ್ಬರೂ ನಂಬಲಿಲ್ಲ. ಶಿವಮೊಗ್ಗ ಬರೋ ಅಷ್ಟರಲ್ಲಿ ಅಳು ಬಂದುಬಿಡ್ತು ನಂಗೆ. ನೀನು ಮದುವೆಯಾದಾಗಿಂದ ನನ್ನೆದುರು ಹೀಗೇ ಕೂತಿದ್ದೀಯಲ್ಲ.”

ಅವರು ಚಪ್ಪಲಿ ಬಿಟ್ಟರು. ದಾರ ತಾವೇ ಬಿಚ್ಚಿದರು. ಲಿಖಿತಾ ಕೊಯ್ದು ಕೊಟ್ಟ ಬಿಲ್ಲೆಯನ್ನು ಬಾಯಿಗಿಟ್ಟು, ಕಣ್ಣು ಮುಚ್ಚಿ ನಿಧಾನವಾಗಿ ಅಗಿದು, ಇನ್ನೊಂದಕ್ಕೆ ಕೈ ಚಾಚಿದರು. ಅದು ಮುಗಿದ ಮೇಲೆ ಸೆರಗಲ್ಲಿ ಬಾಯಿ ಒರೆಸಿಕೊಂಡು, “ಬರೀ ಇದನ್ನೇ ತಿಂದು ಹೋಗ್ಲಾ? ಅನ್ನ ಸಾರು ಆಗಿದೆಯೇನು? ಯಾರು ಮಾಡಿದ್ದು?” ಎಂದರು.

“ನಾನು” ಎಂದಳು ಲಿಖಿತಾ.

“ಬಡಿಸು ಮತ್ತೆ. ಬಸ್ಸಲ್ಲಿ ಅಷ್ಟು ಮಾನ ಹೋದ ಮೇಲೆ ಹಸಿವು ಜಾಸ್ತಿಯಾಗಿದೆ.”

ಉಂಡರು. ಎರಡನೇ ಸಲ ಅನ್ನ ಹಾಕಿಸಿಕೊಂಡು, “ಹುಳಿ ಮುಂದಾಯ್ತು, ಉಪ್ಪು ಹಿಂದಾಯ್ತು” ಎಂದು ಮುಖ ಸಿಂಡರಿಸಿದರು. ಲಿಖಿತಾ ಗಾಬರಿಯಾಗಿ ನನ್ನ ಕಡೆ ನೋಡಿದಳು. ನನಗೆ ನಗು ತಡೆಯಲಾಗಲಿಲ್ಲ. ಈ ಮನೆಗೆ ನಾನು ಸೊಸೆಯಾಗಿ ಬಂದಂದಿನಿಂದ ನನ್ನ ಸಾರಿಗೆ ಅತ್ತಿಗೆ ಕೊಡುತ್ತ ಬಂದಿರುವ ಪ್ರಶಸ್ತಿ ಅದು. ಹೊರಗಿನವರಿಗೆ ಅವರು ಅದನ್ನು ಕೊಡುವುದಿಲ್ಲ.

ಆದ್ದರಿಂದ ಮಹಾಶಯರೇ, ತಮ್ಮ ಮೇಲೆ ಕೋಪಿಸಿಕೊಳ್ಳಬೇಕೋ ಹಾರ ಹಾಕಬೇಕೋ ತಿಳಿಯದೆ ಕೆಳಕಂಡ ಸಣ್ಣಪುಟ್ಟ ಬೇಡಿಕೆಗಳನ್ನು ಮಂಡಿಸುತ್ತಿದ್ದೇನೆ. ಆ ಬಸ್ಸಿನಲ್ಲಿದ್ದ ಪ್ರಯಾಣಿಕರೆಲ್ಲರ ಮನೆಮನೆಗೆ ತಾವು ಖುದ್ದಾಗಿ ತೆರಳಿ, ವಿಶಾಲಮ್ಮನವರು ಶುದ್ಧ ಸಸ್ಯಾಹಾರಿಗಳೆಂದು ಅದೇ ದನಿಯಲ್ಲಿ ಸಾರಬೇಕು. ಗಾಜನೂರಿನ ಕಡೆ ಯಾರಾದರೂ ಇಳಿದು ಹೋಗಿದ್ದರೆ ಅಲ್ಲಿಗೂ ಹೋಗಬೇಕು, ಉದ್ದನೆಯ ವೈರು ನಾವು ಕೊಡುತ್ತೇವೆ. ಬಿಡುವಿನ ವೇಳೆಯಲ್ಲಿ ನನ್ನ ಯಜಮಾನರ ಬಳಿ ಕೂತು ಪದಾರ್ಥಗಳನ್ನು ಗುರುತಿಸುವ ತರ್ಕಶಾಸ್ತ್ರ ಕಲಿಯಬೇಕು. ಅವರಿಗೂ ನಿವೃತ್ತಿಯ ನಂತರ ಶಿಷ್ಯರಿಲ್ಲ. ಇಷ್ಟಾದ ಮೇಲೂ ನೋಡಿದ್ದನ್ನೆಲ್ಲ ಊರಿಗೆ ಹೇಳಲೇಬೇಕೆಂಬ ಚಪಲ ಉಳಿದರೆ, ನಮ್ಮ ಬೀದಿಯಲ್ಲಿ ಆ ಹುದ್ದೆಗೆ ಈಗಾಗಲೇ ಅನುಭವಸ್ಥರಿದ್ದಾರೆಂಬುದನ್ನು ಗಮನಿಸಬೇಕಾಗಿ ವಿನಂತಿ.

ತಮ್ಮ ಬಾಗಿಲನ್ನು ದಿನಕ್ಕೆ ಹತ್ತಾರು ಬಾರಿ ತಟ್ಟಿಯೂ ಎಂದೂ ಒಳಗೆ ಕರೆಸಿಕೊಳ್ಳದ,
ತಮ್ಮ ವಿಶ್ವಾಸಿ,
ಶಾಮಲಾ

ತಾ.ಕ.: ನಿನ್ನೆಯಿಂದ ತಮಗೆ ಇಂಟರ್ನೆಟ್ ಸಂಪರ್ಕ ಸಿಗುತ್ತಿಲ್ಲವೆಂದು ಕೆಂಪು ದೀಪ ಮಿಣುಕಿಸುತ್ತ ದುಃಖಿಸುತ್ತಿದ್ದೀರಿ. ಮನೆಯ ವೈಫೈ ಪಾಸ್‌ವರ್ಡನ್ನು ಊರಿಗೆ ಮರಳದೆ ಇಲ್ಲೇ ಉಳಿದಿರುವ ಅತ್ತಿಗೆ ಮತ್ತು ಲಿಖಿತಾ ಇಬ್ಬರೂ ಕೋಣೆಯ ಬಾಗಿಲು ಹಾಕಿಕೊಂಡು, ನಗಾಡುತ್ತ ಬದಲಾಯಿಸಿದ್ದಾರೆ. ಹೊಸದು ಏನೆಂದು ತಮಗಿರಲಿ, ನನಗೂ ಹೇಳುತ್ತಿಲ್ಲ.