ಲ್ಯಾಪ್‌ಟಾಪಿಗೆ ಗಾಳಿ ಹಾಕಿದ್ದು

ನಮ್ಮ ಮನೆಯ ಸಾಮಾನುಗಳು ಸುಮ್ಮನೆ ಕೆಡುವುದಿಲ್ಲ. ಬೇಕೇ ಬೇಕು ಅನ್ನುವ ವಾರ ನೋಡಿಕೊಂಡು ಕೆಡುತ್ತವೆ. ತಂಗಿಯ ಮದುವೆಯ ಬೆಳಿಗ್ಗೆ ಇಸ್ತ್ರಿ ಪೆಟ್ಟಿಗೆ, ಬೀಗರು ಊಟಕ್ಕೆ ಬಂದ ದಿನ ಮಿಕ್ಸರ್. ಈ ಸಲ ಲ್ಯಾಪ್‌ಟಾಪಿನ ಫ್ಯಾನು.

ನಮ್ಮ ಮನೆಯವರು ಪುಣೆ ಹತ್ತಿರದ ಚಾಕಣದ ಕಾರ್ಖಾನೆಯೊಂದರಲ್ಲಿ ಮೆಂಟೆನನ್ಸ್ ನೋಡುತ್ತಿದ್ದರು. ಗಣಪತಿ ಹಬ್ಬಕ್ಕೂ ಮುಂಚೆ ಇವರ ವಿಭಾಗವನ್ನೇ ಮುಚ್ಚಿದರು. ಅಂದಿನಿಂದ ಮನೆಯಲ್ಲೇ. ದಸರೆ ಮುಗಿದ ಶುಕ್ರವಾರ ಬೇರೊಂದು ಕಂಪನಿಯ ಸಂದರ್ಶನವಿತ್ತು, ಆನ್‌ಲೈನಿನಲ್ಲಿ. ಮಷೀನಿನ ಡ್ರಾಯಿಂಗ್ ತೆರೆದು ತೋರಿಸಬೇಕು, ಮೊಬೈಲಿನಲ್ಲಿ ಆಗುವ ಮಾತಲ್ಲ. ಬುಧವಾರ ಫ್ಯಾನು ನಿಂತುಹೋಯಿತು. ಲ್ಯಾಪ್‌ಟಾಪು ದೋಸೆ ಹಂಚಿನ ಹಾಗೆ ಕಾದು, ತಾನಾಗಿಯೇ ಆಫ್ ಆಗತೊಡಗಿತು. ಈ ಕೆಲಸವೂ ಕೈತಪ್ಪಿದರೆ ಗತಿಯೇನು ಎಂದು ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಮೇಲಿನ ಮನೆಯ ತಜ್ಞ

ಮೇಲಿನ ಮನೆಯಲ್ಲಿ ಮೈಸೂರು ಕಡೆಯ ಐಟಿ ಹುಡುಗನಿದ್ದಾನೆ. ತನ್ನ ಲ್ಯಾಪ್‌ಟಾಪು ಆಫೀಸಿನದು, ಕೊಡುವ ಹಾಗಿಲ್ಲ ಎಂದು ಮೊದಲೇ ಹೇಳಿ, ಸಂಕೋಚಕ್ಕೆ ತಾನೇ ಇಳಿದು ಬಂದ.

"ಆಂಟಿ, ಡ್ರೈವರ್ ಅಪ್‌ಡೇಟ್ ಮಾಡಿದ್ರೆ ಸರಿಹೋಗುತ್ತೆ, ಟೆನ್ಷನ್ ತಗೋಬೇಡಿ."

ಅಪ್‌ಡೇಟು ಇನ್ನೇನು ಮುಗಿಯಬೇಕು, ಲ್ಯಾಪ್‌ಟಾಪು ಕಾದು ಆಫ್ ಆಯಿತು. ಮತ್ತೆ ಶುರು ಮಾಡಿದ, ಮತ್ತೆ ಆಫ್. ನಾನು ಕೊಟ್ಟ ಚಹಾ ಕುಡಿದು, ಗಂಭೀರವಾಗಿ ಎದ್ದು ನಿಂತ.

"ಸಾಫ್ಟ್‌ವೇರ್ ಪರ್ಫೆಕ್ಟಾಗಿದೆ ಆಂಟಿ. ಆನ್ ಮಾಡದೆ ಇದ್ರೆ ಏನೂ ಪ್ರಾಬ್ಲಮ್ಮೇ ಬರಲ್ಲ."

ಸ್ಕ್ರೂಡ್ರೈವರಿನ ತುದಿ

ನಮ್ಮ ಮನೆಯವರಿಗೊಂದು ಅಭ್ಯಾಸ. ಯಾವ ಮಷೀನಾದರೂ ಸರಿ, ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೆ ಒತ್ತಿ ಹಿಡಿಯನ್ನು ಕಿವಿಗಿಟ್ಟುಕೊಂಡು ಕೇಳುತ್ತಾರೆ. ಒಳಗಿನ ರೋಗ ಕೇಳಿಸುತ್ತದಂತೆ. ಅವತ್ತು ಲ್ಯಾಪ್‌ಟಾಪಿಗೂ ಹಾಗೆಯೇ ಕಿವಿಗೊಟ್ಟು ಕೂತರು. ಕೆಲಸ ಹೋದ ಮೇಲೆ ಅವರ ಮುಖದಲ್ಲಿ ಆ ಹಳೆಯ ಏಕಾಗ್ರತೆ ಕಂಡದ್ದು ಅವತ್ತೇ. ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನಗೆ ಕಣ್ಣು ತುಂಬಿ ಬಂತು.

ನಮ್ಮ ಅತ್ತೆಗೆ ಅಂಥದ್ದೇನೂ ಆಗಲಿಲ್ಲ. "ಏನಂತದ ಅದು?" ಎಂದರು.

"ಏನೂ ಇಲ್ಲವ್ವಾ. ಸುಮ್ಮನ ಅದ."

"ನೀನೂ ನೌಕರಿ ಹೋದಾಗಿಂದ ಸುಮ್ಮನ ಕುಂತೀದಿ. ಇಬ್ಬರನ್ನೂ ಒಮ್ಮೆ ಬಿಚ್ಚಿ ನೋಡೂದು ಚಲೋ."

ಬೆನ್ನಿನ ಪೂಜೆ

ಬಿಚ್ಚಿದರು. ಫ್ಯಾನಿನ ರೆಕ್ಕೆಗಳ ನಡುವೆ ಅರಿಶಿನ ಹಚ್ಚಿದ ಒಂದು ಅಕ್ಕಿಕಾಳು ಸಿಕ್ಕಿಕೊಂಡಿತ್ತು. ಒಂದು ರೆಕ್ಕೆ ಮುರಿದಿತ್ತು. ಇಬ್ಬರೂ ಅತ್ತೆಯ ಕಡೆ ತಿರುಗಿದೆವು.

ಪ್ರತಿ ವರ್ಷ ಖಂಡೇನವಮಿಯ ಆಯುಧಪೂಜೆಗೆ ಇವರು ಕಾರ್ಖಾನೆಯಲ್ಲಿ ಮಷೀನಿನ ಪೂಜೆ ಮಾಡುತ್ತಿದ್ದರು. ಈ ಸಲ ಪೂಜೆಗೆ ಉಳಿದದ್ದು ನಟ್ಟು ಬಿಚ್ಚುವ ಪಾನಾಗಳ ಪೆಟ್ಟಿಗೆ ಮತ್ತು ಈ ಲ್ಯಾಪ್‌ಟಾಪು ಮಾತ್ರ. ಕೀಬೋರ್ಡಿನ ಕೀಲಿಗಳ ಮೇಲೆ ಏನೂ ಹಾಕಬೇಡ ಎಂದು ತಾಯಿಗೆ ಹತ್ತು ಸಲ ಹೇಳಿಯೇ ಹೊರಗೆ ಹೋಗಿದ್ದರು.

"ಕೀಲಿ ಮ್ಯಾಲೆ ಒಂದು ಕಾಳೂ ಹಾಕಿಲ್ಲ," ಎಂದರು ಅತ್ತೆ. "ಬೋರಲ ಹಾಕಿ ಬೆನ್ನಿಗೆ ಪೂಜಿ ಮಾಡೀನಿ. ನೌಕರಿ ಸಿಗಲಿ ಅಂತ ಒಂದು ಮುಟಿಗಿ ಅಕ್ಷತಿ ಹೆಚ್ಚಿಗಿ ಹಾಕೀನಿ. ಅಲ್ಲೆ ತೂತು ಇಟ್ಟಾವರನ್ನ ಹೋಗಿ ಕೇಳು."

ತಾತ್ಕಾಲಿಕ ವ್ಯವಸ್ಥೆ

ಕಾತ್ರಜದ ರಿಪೇರಿ ಅಂಗಡಿಯವನು ಹೊಸ ಫ್ಯಾನು ಸೋಮವಾರ ಬರುತ್ತದೆ ಎಂದ. ಸಂದರ್ಶನ ಶುಕ್ರವಾರ. ಪುಣೆಯ ಅಕ್ಟೋಬರ್ ಬಿಸಿಲು ಬೇರೆ. ಟೇಬಲ್ ಫ್ಯಾನು ಹಚ್ಚಿ ನೋಡಿದರೆ ಮೈಕಿನಲ್ಲಿ ಬರೀ ಗಾಳಿಯ ಭೋರ್ಗರೆತ. ಕೊನೆಗೆ ಅತ್ತೆ ಅಕ್ಕಿ ಕೇರುವ ಮೊರ ತಂದರು. ತಳದ ಮುಚ್ಚಳ ತೆಗೆದ ಲ್ಯಾಪ್‌ಟಾಪನ್ನು ಎರಡು ಬಟ್ಟಲುಗಳ ಮೇಲೆ ಇಟ್ಟು, ಕ್ಯಾಮೆರಾಕ್ಕೆ ಕಾಣದಂತೆ ಪರದೆಯ ಹಿಂದೆ ಕೂತು, ಸೆರಗು ಸಿಕ್ಕಿಸಿಕೊಂಡು ಬೀಸತೊಡಗಿದರು.

ಸಂದರ್ಶನ ಚೆನ್ನಾಗಿಯೇ ನಡೆದಿತ್ತು. ಕೊನೆಗೆ ಅಧಿಕಾರಿ ಮರಾಠಿಯಲ್ಲಿ ಕೇಳಿದರು: "ಮಷೀನಿನ ಕೂಲಿಂಗ್ ಫ್ಯಾನು ನಿಂತಿದೆ. ಹೊಸದು ಬರುವುದಕ್ಕೆ ದಿನ ಬೇಕು. ಕೆಲಸ ನಿಲ್ಲಿಸುವ ಹಾಗಿಲ್ಲ. ಏನು ಮಾಡ್ತೀರಿ?"

ಇವರು ಮೊರ ಬೀಸುತ್ತಿದ್ದ ಅತ್ತೆಯನ್ನೊಮ್ಮೆ ನೋಡಿದರು. ಇವರು ಸುಮ್ಮನೆ ಲ್ಯಾಪ್‌ಟಾಪನ್ನು ಅತ್ತೆಯ ಕಡೆ ತಿರುಗಿಸಿಬಿಟ್ಟರು.

"ಹೀಗೆ ಮಾಡ್ತೀನಿ ಸರ್."

ಆ ಕಡೆಯಿಂದ ದೊಡ್ಡ ನಗು. ಅತ್ತೆ ಬೀಸುವುದನ್ನು ನಿಲ್ಲಿಸದೆ ತಮ್ಮ ಧಾರವಾಡದ ಮರಾಠಿಯಲ್ಲಿ ಹೇಳಿದರು: "ಬೇಗ ಬೇಗ ಕೇಳಿ ಮುಗಿಸಿ ಸಾಹೇಬರೇ, ಕೈ ಸೋತು ಬಂತು."

ಮರುದಿನ ಅದೇ ಅಧಿಕಾರಿ ಫೋನು ಮಾಡಿದರು. ಮಾತಾಡಿ ಮುಗಿಸಿದ ಇವರು ಅತ್ತೆಯ ಹತ್ತಿರ ಬಂದರು. "ಅವ್ವಾ, ಸೋಮವಾರದಿಂದ ಬರ್ರಿ ಅಂದ್ರು. ನಿನ್ನ ಕೈ ಹೆಂಗದ ಅಂತನೂ ಕೇಳಿದ್ರು."

ಅತ್ತೆ ಮೊರವನ್ನು ಗೋಡೆಗೆ ಒರಗಿಸಿದರು.

"ಇನ್ನೂ ನೋಯಾಕತ್ತದ ಅಂತ ಹೇಳು. ಇಬ್ಬರೂ ಬರಾಕ ಆಗೂದಿಲ್ಲ, ಸದ್ಯಕ್ಕ ನೀ ಒಬ್ಬನಽ ಹೋಗು."