ಗುಡ್ಡದ ತಗಡಿನ ಮುಂದೆ ರೇಷ್ಮೆ ಸೀರೆ

ಗುಡ್ಡ ಜರಿಯಲಿಲ್ಲ. ನಾನು ಅಡ್ಡ ನಿಂತಿದ್ದೆ. ನಡೆದದ್ದು ಇಷ್ಟೇ. ಉಳಿದದ್ದನ್ನು ಊರಿನವರು ಬಾಲ ಸೇರಿಸಿ ಹೇಳುತ್ತಿದ್ದಾರೆ. ಅವರ ಬಾಯಿಂದ ಕೇಳುವುದಕ್ಕಿಂತ ನಾನೇ ಹೇಳುವುದು ವಾಸಿ.

ಕುಕ್ಕುಂದೂರಿನಲ್ಲಿ ನಮ್ಮ ಮನೆಯ ಹಿಂದೆ ಮುರಕಲ್ಲಿನ ಗುಡ್ಡ ಉಂಟು. ರಸ್ತೆ ಅಗಲ ಮಾಡುವಾಗ ಅದರ ಬುಡವನ್ನು ಜೇಸಿಬಿ ತಿಂದಿತು, ನೆತ್ತಿ ಬಿರುಕು ಬಿಟ್ಟಿತು. ಕೆಳಗೆ ಇರುವುದು ಎರಡೇ ಸಂಸಾರ. ಒಂದು ನಮ್ಮದು. ಇನ್ನೊಂದು ನಮ್ಮ ಹಿತ್ತಿಲ ಕೋಣೆಯಲ್ಲಿರುವ ಯಲ್ಲವ್ವನದು. ಬಾಗಲಕೋಟೆ ಕಡೆಯವಳು, ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಹೋಗುತ್ತಾಳೆ, ಎರಡು ಮಕ್ಕಳು. ಮಳೆಗಾಲ ಮುಗಿಯುವವರೆಗೆ ಮನೆ ಖಾಲಿ ಮಾಡಿ ಎಂದರು ಪಂಚಾಯತಿನವರು. ನಾನು ಹೋಗುವುದಿಲ್ಲ ಎಂದೆ. ಯಲ್ಲವ್ವನಿಗೆ ಹೋಗುವುದಕ್ಕೆ ಜಾಗವೇ ಇರಲಿಲ್ಲ.

ಆಗ ಮಣಿಪಾಲದ ಕಾಲೇಜಿನಿಂದ, ಗುಡ್ಡ ಜರಿಯುವುದನ್ನು ಅಳೆಯುವ ಒಬ್ಬರು ಮೇಡಂ ಬಂದರು. ಮನೆಯ ಒಂದು ಮೂಲೆಯನ್ನು ಕತ್ತರಿಸಿ ತಂದು ಆಕಾಶಕ್ಕೆ ಮುಖ ಮಾಡಿ ಇಟ್ಟ ಹಾಗೆ, ಮೂರು ತಗಡು ಜೋಡಿಸಿದ್ದೊಂದನ್ನು ಗುಡ್ಡದ ಮೇಲೆ ಕಾಂಕ್ರೀಟು ಹಾಕಿ ನಿಲ್ಲಿಸಿದರು.

"ಅಜ್ಜಿ, ಹನ್ನೆರಡು ದಿನಕ್ಕೊಮ್ಮೆ ಬೆಳಿಗ್ಗೆ ಆರು ಗಂಟೆಗೆ ಸ್ಯಾಟಲೈಟ್ ಮೇಲಿಂದ ಹೋಗ್ತದೆ. ಅದು ರೇಡಾರ್ ಅಲೆ ಬಿಡ್ತದೆ, ಈ ತಗಡು ಬಂದ ದಾರಿಯಲ್ಲೇ ವಾಪಸ್ ಕಳಿಸ್ತದೆ. ಲೋಹ ಅದಕ್ಕೆ ಚೆನ್ನಾಗಿ ಕಾಣ್ತದೆ. ಗುಡ್ಡ ಒಂದು ಅಕ್ಕಿ ಕಾಳಿನಷ್ಟು ಜಾರಿದರೂ ಗೊತ್ತಾಗ್ತದೆ. ಇದನ್ನು ಯಾರೂ ಮುಟ್ಟದ ಹಾಗೆ ನೋಡ್ಕೊಳ್ಳಿ, ಆಯ್ತಾ?"

ಗುಡ್ಡ ಅಲ್ಲಾಡದಿದ್ದರೆ ನೀವು ಇರಬಹುದು, ಅಲ್ಲಾಡಿದರೆ ಅದೇ ದಿನ ಹೊರಡಬೇಕು ಎಂದು ಪಂಚಾಯತಿನವರೂ ಒಪ್ಪಿದರು.

ಹೀಗೆ, ಮೂರನೇ ಕ್ಲಾಸು ಓದಿದ ನಾನು ಕುಕ್ಕುಂದೂರಿನ ಬಾಹ್ಯಾಕಾಶ ಇಲಾಖೆಯ ಏಕೈಕ ಅಧಿಕಾರಿಣಿಯಾದೆ. ಕರ್ತವ್ಯದಲ್ಲಿ ಲೋಪ ಮಾಡಲಿಲ್ಲ. ದನ ಓಡಿಸಿದೆ. ನವಿಲು ಓಡಿಸಿದೆ. ತಗಡಿನ ಮೇಲೆ ಕೈ ಇಡಲು ಹೋದ ಪಂಚಾಯತಿ ಮೆಂಬರನ್ನೂ ಓಡಿಸಿದೆ.

ಉಪಗ್ರಹ ಮೊದಲ ಎರಡು ಸಲ ಹೋದ ದಿನಗಳಲ್ಲಿ ಮಾತ್ರ ನಾನು ಕಟಪಾಡಿಯಲ್ಲಿ ತಂಗಿಯ ಮನೆಯಲ್ಲಿದ್ದೆ. ತಪ್ಪಿಹೋಯಿತಲ್ಲ ಎಂದು ಬಹಳ ಬೇಸರವಾಯಿತು. ಮೇಲಿಂದ ನೋಡುವುದೆಂದರೆ ಫೋಟೋ ತೆಗೆಯುವುದೇ ತಾನೇ, ಮತ್ತು ನನಗೆ ಸರ್ಕಾರಿ ಫೋಟೋದ ಅನುಭವ ಉಂಟು. ನಾವು ಪಾಯಿಖಾನೆ ಕಟ್ಟಿಸಿದಾಗ ಫೋಟೋ ತೆಗೆಯಲು ಬಂದವನು, "ಅಮ್ಮ, ಬಾಗಿಲ ಮುಂದೆ ನಿಲ್ಲಿ. ಫಲಾನುಭವಿ ಇಲ್ಲದ ಫೋಟೋ ಪಾಸಾಗುವುದಿಲ್ಲ" ಎಂದಿದ್ದ. ಪಾಯಿಖಾನೆಯ ಮುಂದೆ ನಿಂತವಳು ಗುಡ್ಡಕ್ಕೋಸ್ಕರ ನಿಲ್ಲದೆ ಇರುತ್ತೇನೆಯೇ?

ಮೂರನೆಯ ಸಲ ಐದೂವರೆಗೇ ರೇಷ್ಮೆ ಸೀರೆ ಉಟ್ಟು ಹೊರಟೆ. ಸೊಸೆ ಶಾಲಿನಿ ಬಾಗಿಲಲ್ಲಿ ತಡೆದಳು.

"ಮಾಮಿ, ಈ ಮಳೆಗೆ ರೇಷ್ಮೆ ಎಂತಕ್ಕೆ?"

"ದೇಶದ ಕೆಲಸ."

"ದೇಶಕ್ಕೆ ಶೀತ ಆಗುವುದಿಲ್ಲ. ನಿಮಗೆ ಆಗ್ತದೆ."

ಹೋದೆ. ತಗಡಿನ ಬಾಯಿಗೆ ಸರಿಯಾಗಿ, ಅದಕ್ಕೆ ಒಂದು ಬೆರಳೂ ತಾಗದ ಹಾಗೆ, ಕತ್ತೆತ್ತಿ ನಿಂತೆ. ಆರೂಕಾಲರವರೆಗೆ ಕಣ್ಣು ಮಿಟುಕಿಸಲಿಲ್ಲ.

ನಾಲ್ಕನೆಯ ಸಲ ಯಲ್ಲವ್ವನನ್ನೂ ಕರೆದೆ. ಅವಳ ಮನೆಯೂ ಪಾಸಾಗಬೇಡವೇ?

"ಅಮ್ಮಾರ, ಅಷ್ಟು ಮ್ಯಾಲಿಂದ ನಮ್ಮ ಮಾರಿ ಕಾಣಸ್ತೈತೇನ್ರಿ?"

"ಅಕ್ಕಿ ಕಾಳು ಕಾಣ್ತದಂತೆ, ನಿನ್ನ ಮುಖ ಕಾಣುವುದಿಲ್ವಾ?"

"ಹಂಗಾರ ಹುಡುಗರ್ನೂ ಕರ್ಕೊಂಡು ಬರ್ತೇನ್ರಿ." ಮಕ್ಕಳಿಗೆ ತಲೆ ಬಾಚಿ, ಪೌಡರು ಹಚ್ಚಿ ಕರೆತಂದಳು.

ಐದನೆಯ ಸಲ ನನ್ನ ವಿಜ್ಞಾನ ಇನ್ನೂ ಮುಂದುವರಿಯಿತು. ಲೋಹ ಚೆನ್ನಾಗಿ ಕಾಣುತ್ತದೆ ಎಂದು ಮೇಡಮ್ಮೇ ಹೇಳಿದ್ದರಲ್ಲ! ನಾನು ಹುಣಸೆಹುಳಿ ಹಾಕಿ ತಿಕ್ಕಿದ ಹಿತ್ತಾಳೆ ಹರಿವಾಣವನ್ನು ಎದೆಗೆ ಹಿಡಿದೆ. ಯಲ್ಲವ್ವ ಮಣ್ಣು ಹೊರುವ ಕಬ್ಬಿಣದ ಬುಟ್ಟಿಯನ್ನು ತಲೆಯ ಮೇಲೆ ಎತ್ತಿದಳು. ಮಳೆ ಹೊಯ್ಯುತ್ತಿತ್ತು. ಯಾರೂ ಕದಲಲಿಲ್ಲ.

ನಾಲ್ಕೈದು ದಿನದಲ್ಲಿ ಜೀಪು ಬಂತು. ಮೇಡಂ ಇಳಿದರು, ಹಿಂದೆ ಪಂಚಾಯತಿ ಮೆಂಬರು. ಮೇಡಂ ಮುಖ ಬಾಡಿತ್ತು.

"ಅಜ್ಜಿ, ನಮ್ಮ ಕಂಪ್ಯೂಟರಿನಲ್ಲಿ ನಿಮ್ಮ ತಗಡು ಕಾಣುವ ಚುಕ್ಕಿ ಮೂರು ಸಲದಿಂದ ಸರಿ ಇಲ್ಲ. ಮೊದಲು ಮಂಕಾಯ್ತು, ಮತ್ತೆ ಇನ್ನೂ ಮಂಕಾಯ್ತು, ಈ ಸಲ ಎಂತೆಂತದೋ ಬಂದಿದೆ. ತಗಡು ವಾಲಿದೆಯೋ, ಗುಡ್ಡವೇ ಜಾರಿದೆಯೋ."

"ರಿಸ್ಕು ಬೇಡ, ಇವತ್ತೇ ಶಾಲೆಗೆ ಹೋಗಿ ಉಳಿಯಿರಿ" ಎಂದ ಮೆಂಬರು. ಯಲ್ಲವ್ವ ಒಳಗೆ ಹೋಗಿ ಪಾತ್ರೆ ಕಟ್ಟತೊಡಗಿದಳು. ಆ ಸದ್ದು ಕೇಳಿ ನನಗೆ ತಡೆಯಲಾಗಲಿಲ್ಲ.

"ಅದು ಹೇಗೆ ಸರಿ ಇಲ್ಲ? ಮೂರು ಸಲವೂ ನಾನು ಅಲ್ಲೇ ಇದ್ದೆ."

"ಅಲ್ಲೇ ಅಂದರೆ?"

"ತಗಡಿನ ಎದುರು. ನಟ್ಟನಡುವೆ."

ಮೇಡಂ ಜಗಲಿಯ ಮೇಲೆ ಕುಳಿತುಬಿಟ್ಟರು. "ಒಬ್ಬರೇ ಇದ್ರಾ?"

"ಮೊದಲು ಒಬ್ಬಳೇ. ಮತ್ತೆ ನಾಲ್ಕು ಜನ. ಮೊನ್ನೆ ಹರಿವಾಣ, ಬುಟ್ಟಿ ಸಮೇತ."

ಶಾಲಿನಿ ಸೆರಗು ಬಾಯಿಗೆ ತುರುಕಿಕೊಂಡು ಅಡಿಗೆಮನೆಗೆ ಓಡಿದಳು.

"ಅಜ್ಜಿ, ಅದು ಕ್ಯಾಮೆರಾ ಅಲ್ಲ" ಎಂದರು ಮೇಡಂ. "ಅದಕ್ಕೆ ಮುಖ ಬೇಡ. ತಗಡಿನ ಎದುರು ಖಾಲಿ ಇರಬೇಕು. ನೀವು ಊರಲ್ಲಿ ಇಲ್ಲದ ಆ ಮೊದಲ ಎರಡು ಸಲ ಎಷ್ಟು ಚೆಂದ ಬಂದಿತ್ತು ಗೊತ್ತುಂಟಾ?"

ಎಪ್ಪತ್ತೊಂದು ವರ್ಷದಲ್ಲಿ ನನ್ನ ಗೈರುಹಾಜರಿಯನ್ನು ಇಷ್ಟು ಬಾಯಿ ತುಂಬ ಹೊಗಳಿದವರು ಇನ್ನೊಬ್ಬರಿಲ್ಲ.

ಮುಂದಿನ ಸಲದ ಉತ್ತರ ಬರುವವರೆಗೆ ಎರಡು ಸಂಸಾರವೂ ಶಾಲೆಯ ಕೋಣೆಯಲ್ಲಿ ಉಳಿಯಬೇಕಾಯಿತು. ತಪ್ಪು ನನ್ನದು, ಚಾಪೆ ಎಲ್ಲರದು. ಆರನೆಯ ಸಲ ಬೆಳಿಗ್ಗೆ ಐದೂವರೆಯಿಂದ ಏಳರವರೆಗೆ ಶಾಲಿನಿ ನನ್ನನ್ನು ಬೆಂಚಿನ ಮೇಲೆ ಕೂರಿಸಿ ಬಾಗಿಲಿಗೆ ಅಡ್ಡ ಕುಳಿತಳು.

ಎರಡು ದಿನ ಬಿಟ್ಟು ಮೇಡಂ ಫೋನು ಮಾಡಿದರು. ಚುಕ್ಕಿ ಬೆಳ್ಳಿಯ ಹಾಗೆ ಹೊಳೆಯುತ್ತಿದೆಯಂತೆ. ಮೊದಲ ಎರಡು ಸಲದ ಜೊತೆ ಇಟ್ಟು ನೋಡಿದರೆ ಗುಡ್ಡ ಅಕ್ಕಿ ಕಾಳಿನಷ್ಟೂ ಕದಲಿಲ್ಲವಂತೆ. ಮನೆಗೆ ಹೋಗಬಹುದು, ಕಾವಲಿಗೆ ಅಜ್ಜಿಯೇ ಇರಲಿ, ಆದರೆ ದೂರದಿಂದ.

ಯಲ್ಲವ್ವ ಪಾತ್ರೆಯ ಗಂಟು ಬಿಚ್ಚುತ್ತಾ ಹೇಳಿದಳು: "ಅಮ್ಮಾರ, ನಾವು ಇಲ್ಲದಿದ್ರನ ನಮ್ಮ ಮನಿ ಛಲೋ ಕಾಣಸ್ತೈತಂತಲ್ರೀ."

ಮರುದಿನ ಬೆಳಿಗ್ಗೆ ಮೆಂಬರು ಮೊಬೈಲು ಹಿಡಿದು ಮನೆಗೆ ಬಂದ. "ಅಜ್ಜಿ, ಫೈಲಿಗೆ ಒಂದು ಫೋಟೋ ಬೇಕು. ತಗಡಿನ ಹತ್ತಿರ ನಿಲ್ಲಿ. ಜನ ಇಲ್ಲದಿದ್ದರೆ ಪಾಸಾಗುವುದಿಲ್ಲ."

ನಾನು ಒಳಗೆ ಹೋಗಿ ರೇಷ್ಮೆ ಸೀರೆ ಉಟ್ಟೆ. ಗುಡ್ಡ ಹತ್ತಿದೆ. ತಗಡಿನಿಂದ ಇಪ್ಪತ್ತು ಮಾರು ದೂರ, ಗೇರು ಮರದ ಹಿಂದೆ ನಿಂತೆ.