ಚೌಕಾಬಾರಕ್ಕೆ ಬಂದ ನೆಗಡಿ

ದುಃಖವನ್ನಾದರೆ ಸೆರಗಿನಲ್ಲಿ ಗಂಟು ಹಾಕಿ ಇಟ್ಟುಕೊಳ್ಳಬಲ್ಲೆ. ಸಂತೋಷ ಮಾತ್ರ ನನ್ನ ಹತ್ತಿರ ನಿಲ್ಲುವುದಿಲ್ಲ. ನಮ್ಮ ಗೌರಿ ಹೆಣ್ಣುಗರು ಹಾಕಿದ ದಿನ, ಇನ್ನೊಂದು ಹಸುವಿನ ಹಾಲು ಹಿಡಿದು ಡೈರಿಗೆ ಹೊರಟವಳು ಸಿಕ್ಕಸಿಕ್ಕವರಿಗೆಲ್ಲ ಸುದ್ದಿ ಹೇಳುತ್ತಾ ಹೋಗಿ, ಮುಟ್ಟುವಷ್ಟರಲ್ಲಿ ಡೈರಿಗೆ ಬೀಗ ಬಿದ್ದಿತ್ತು. ಕರುವಿಗೇ ಹೀಗಾದರೆ, ಒಂಬತ್ತನೇ ಕ್ಲಾಸಿನ ಮೊಮ್ಮಗಳು ಸಿರಿ ಕಂಪ್ಯೂಟರಿನಲ್ಲಿ ಆಡುವ ಚೌಕಾಬಾರ ಮಾಡಿದಳು ಅಂದರೆ ನನ್ನ ಗತಿ ಏನಾಗಿರಬೇಕು, ನೀವೇ ಹೇಳಿ.

ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಕವಡೆ ಹಿಡಿದು ಕೂತರೆ ಬೆಳಗೋಡಿನ ಸುತ್ತಮುತ್ತ ನನ್ನನ್ನು ಸೋಲಿಸಿದವರು ಕಮ್ಮಿ. ಅದನ್ನು ನೋಡಿ ನೋಡಿಯೇ ಸಿರಿ ಈ ಆಟ ಕಟ್ಟಿದ್ದು. ಇಂಟರ್ನೆಟ್ ಇದ್ದರೆ ಸಾಕು, ಇಲ್ಲಿ ನಾನು, ಆಲೂರಿನಲ್ಲಿ ನನ್ನ ತಂಗಿ, ಕೂತಲ್ಲೇ ಆಡಬಹುದಂತೆ. ಎದುರಿನವರ ಕಾಯಿ ಕಡಿದರೆ ಒಳಗಿನಿಂದ "ಕಡ್ದ್‌ಬುಟ್ಟೆ ಕಣೇ, ಹೋಗು ಮನೆಗೆ!" ಅಂತ ದನಿ ಬರುತ್ತದೆ. ಆ ದನಿ ನನ್ನದು! ಮನೆಯಲ್ಲಿ ಕಂಪ್ಯೂಟರಿಲ್ಲ. ಇಡೀ ಊರಿಗೆ ಇರುವುದು ಒಂದೇ, ಪಂಚಾಯ್ತಿ ಲೈಬ್ರರಿಯಲ್ಲಿ. ಸ್ಕೂಲು ಬಿಟ್ಟ ಮೇಲೆ ಅದರ ಮುಂದೆ ಕೂತು ಕೂತು ಆಟ ಮುಗಿಸಿ, ಬೆರಳುದ್ದದ ಪೆನ್ ಡ್ರೈವಿಗೆ ತುಂಬಿ, ನಮ್ಮ ದೇವರ ಗೂಡಿನಲ್ಲಿ ಇಟ್ಟಿದ್ದಳು. "ಶನಿವಾರ ಎಲ್ಲಾರ್ಗೂ ತೋರ್ಸಾಣ ಅಜ್ಜಿ, ಅಲ್ಲಿಗಂಟ ಸುಮ್ನಿರು" ಅಂದಿದ್ದಳು.

ಶನಿವಾರ ಮಧ್ಯಾಹ್ನ ಲೈಬ್ರರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೇರಿಯನ್ನೆಲ್ಲ ಕರೆದವಳು ನಾನೇ. ನನ್ನ ಕೈಲಿ ಯಾವಾಗಲೂ ಸೋಲುವ ಎದುರುಮನೆ ಜಯಮ್ಮ ಎಲ್ಲರಿಗಿಂತ ಮುಂದೆ ಕೂತಿದ್ದಳು. ಲೈಬ್ರರಿ ನೋಡಿಕೊಳ್ಳುವ ಸವಿತಾ ಪೆನ್ ಡ್ರೈವ್ ಚುಚ್ಚಿದರು. ನನ್ನ ದನಿ ಈಗ ಬರುತ್ತೆ, ಈಗ ಬರುತ್ತೆ ಅಂತ ಕಾಯುತ್ತಿದ್ದರೆ ಪರದೆಯೆಲ್ಲ ಕೆಂಪಾಯಿತು.

"ವೈರಸ್ ಐತೆ ಅಂತ ತೋರಿಸ್ತೈತೆ. ತೆಗೆಯಕ್ಕೇ ಬಿಡ್ತಿಲ್ಲ," ಅಂದರು ಸವಿತಾ.

"ಅಲ್ಲ ಕಣಕ್ಕ," ಅಂತ ಜಯಮ್ಮ ನನ್ನ ಕಡೆ ತಿರುಗಿದಳು, "ಮೊಮ್ಮಗಳು ಆಟ ಮಾಡವ್ಳೆ ಅಂದೆ. ರೋಗ ಮಾಡವ್ಳೆ ಅನ್ಲೇ ಇಲ್ವಲ್ಲ!"

ಎಲ್ಲರೂ ನಕ್ಕರು. ಆಮೇಲೆ ನಗು ನಿಂತಿತು. "ನಮ್ ಹುಡುಗ್ರ ಅರ್ಜಿಗಳೆಲ್ಲ ಅದ್ರಾಗೇ ಅವೆ ಮೇಡಂ. ಈ ಹುಡುಗೀನ ಇನ್ ಹತ್ರ ಸೇರಿಸ್ಬ್ಯಾಡಿ," ಅಂತ ಹಿಂದಿನಿಂದ ಯಾರೋ ಅಂದರು. ಸವಿತಾ ಪಾಪ, ಏನು ಮಾಡಿಯಾರು? "ರಿಪೇರಿಯವರು ಬರೋಗಂಟ ಮುಟ್ಬೇಡ ಸಿರಿ. ನಿನ್ನದೇ ತಪ್ಪು ಅಂತಾದ್ರೆ ಆಮೇಲೂ ಬಿಡಕ್ಕಾಗಲ್ಲ," ಅಂದರು. ಮನೆಗೆ ಬಂದ ಹುಡುಗಿ ಅಕ್ಕಿರೊಟ್ಟಿಯನ್ನು ಮುರಿಯಲೂ ಇಲ್ಲ. ಆ ಕಂಪ್ಯೂಟರು ಹೋದರೆ ಅವಳಿಗೆ ಇನ್ನೊಂದು ಎಲ್ಲಿಂದ ತರೋಣ?

ಸಕಲೇಶಪುರದಿಂದ ರಿಪೇರಿಯವನು ಬಂದ ದಿನ ಯಾರನ್ನೂ ಕರೆಯಬೇಕಾಗಲಿಲ್ಲ; ಮತ್ತೆ ಅಷ್ಟೂ ಜನ ಸೇರಿದ್ದರು. ಅವನು ಏನೇನೋ ಒತ್ತಿದ, ಹುಬ್ಬು ಗಂಟಿಕ್ಕಿದ.

"ಆಟದಾಗೆ ಏನೂ ಇಲ್ಲ," ಅಂದ ಕೊನೆಗೆ. "ಈ ಪೆನ್ ಡ್ರೈವ್‌ಗೆ ಎಲ್ಲಿಂದಲೋ ಹತ್ಕಂಡೈತೆ. ಎಲ್ಲೆಲ್ಲಿ ಹಾಕಿದ್ದೆಮ್ಮ?"

"ಇಲ್ಲಿ ಬಿಟ್ರೆ ಎಲ್ಲೂ ಇಲ್ಲ ಸರ್," ಅಂದಳು ಸಿರಿ.

"ಸುಳ್ ಹೇಳ್ಬೇಡ. ನಾಕಾರು ಕಂಪ್ಯೂಟರ್ ಎಂಜಲು ಐತೆ ಇದ್ರಾಗೆ."

ಎಲ್ಲರೂ ಸಿರಿಯನ್ನು ನೋಡಿದರು. ಅವಳ ಕಣ್ಣು ತುಂಬಿತು. ನಾನು ಕೂತಿದ್ದ ಬೆಂಚು ಕಾದ ಕಾವಲಿಯಂತಾಯಿತು. ಬಾಯಿ ಮುಚ್ಚಿಕೊಂಡಿದ್ದರೆ ದೇವರಾಣೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮುಚ್ಚಿಕೊಳ್ಳುವ ಬಾಯಿಯಾಗಿದ್ದರೆ ಈ ಗ್ರಹಚಾರವೇ ಬರುತ್ತಿರಲಿಲ್ಲ.

"ಅವ್ಳಲ್ಲ, ನಾನು," ಅಂದೆ. ದನಿ ನನಗೇ ಕೇಳಿಸಲಿಲ್ಲ. ಮತ್ತೆ ಜೋರಾಗಿ, "ನಾನೇ ಹಾಕ್ಸಿದ್ದು!" ಅಂದೆ.

ಸಿರಿ ಸ್ಕೂಲಿಗೆ ಹೋದಾಗ ದೇವರ ಗೂಡಿನಿಂದ ತೆಗೆದುಕೊಂಡು ಬಸ್ಸು ಹತ್ತಿದ್ದೆ. ತಂಗಿಗೆ ತೋರಿಸಲು ಆಲೂರಿನ ಝೆರಾಕ್ಸ್ ಅಂಗಡಿ. ಅದರ ಪಕ್ಕದ ಫೋಟೋ ಸ್ಟುಡಿಯೋ. ಬರುವಾಗ ನಮ್ಮೂರಿಗಿಂತ ಮುಂಚೆ ಬೆಳಗೋಡಿನಲ್ಲಿ ಇಳಿದು ಗೊಬ್ಬರದಂಗಡಿ, ಅಲ್ಲೂ ಒಂದು ಕಂಪ್ಯೂಟರಿದೆಯಲ್ಲ! "ಎಲ್ಲಾ ಕಡೇಲೂ ಓಪನ್ ಆಯ್ತು ಕಣ್ರೀ, ಎಲ್ಲಾರೂ ನನ್ ದನಿ ಕೇಳುದ್ರು!" ಅಂದೆ. ತಪ್ಪೊಪ್ಪಿಕೊಳ್ಳುವಾಗಲೂ ಹಲ್ಲು ಕಿರಿಯುತ್ತಿದ್ದೆನಂತೆ. ಜಯಮ್ಮ ಈಗಲೂ ಆಡಿ ತೋರಿಸುತ್ತಾಳೆ.

"ಅಜ್ಜಿ, ಹಸುಗೂಸನ್ನ ಸಂತೆಯೆಲ್ಲ ಸುತ್ತಿಸುದ್ರೆ ನೆಗಡಿ ಬರ್ದೆ ಇರ್ತದಾ?" ಅಂದ ರಿಪೇರಿಯವನು. ಎಲ್ಲ ತೊಳೆದು ಆಟ ತೆರೆದ. ಸಿರಿ ಮತ್ತೆ ಆ ಕುರ್ಚಿಯಲ್ಲಿ ಕೂತು ಮೊದಲ ಆಟದಲ್ಲೇ ಜಯಮ್ಮನ ಕಾಯಿ ಕಡಿದಳು. ನನ್ನ ದನಿಗೆ ಜಯಮ್ಮ ಬೆಚ್ಚಿಬಿದ್ದಳು ನೋಡಿ, ಅಬ್ಬ!

ಮಾರನೇ ದಿನ ಸವಿತಾ ಗೋಡೆಗೆ ಒಂದು ಚೀಟಿ ಅಂಟಿಸಿದರು: "ಹೊರಗಿನ ಪೆನ್ ಡ್ರೈವ್ ಹಾಕಬಾರದು." ಅದರ ಕೆಳಗೆ ಸಿರಿ ಸೇರಿಸಿದ್ದಾಳೆ: "ಅಜ್ಜಿ ತಂದರಂತೂ ಬೇಡವೇ ಬೇಡ." ಪಂಚಾಯ್ತಿ ಗೋಡೆಯ ಮೇಲೆ ಮೊಮ್ಮಗಳು ಅಜ್ಜಿಯ ಬಗ್ಗೆ ಬರೆದದ್ದು ನಿಮ್ಮ ಊರಲ್ಲಿ ಉಂಟಾ? ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡೆ. ಸಿರಿ ಅದನ್ನು ಪೆನ್ ಡ್ರೈವಿಗೆ ಹಾಕಿ, "ಪ್ರಿಂಟ್ ನಾನೇ ಹಾಕಿಸ್ಕಂಡ್ ಬತ್ತೀನಿ, ನೀನು ಮುಟ್ಟಂಗಿಲ್ಲ" ಅಂತ ಆಣೆ ಮಾಡಿಸಿಕೊಂಡಿದ್ದಾಳೆ.

ಈಗ ಸಿರಿ ಸ್ಕೂಲಿಗೆ ಹೋಗಿದ್ದಾಳೆ. ಆಲೂರಿನ ಬಸ್ಸು ಇವತ್ತು ಸ್ವಲ್ಪ ತಡವಂತೆ. ಸೆರಗಿನ ಬೆರಳುದ್ದದ ಗಂಟು ಗಟ್ಟಿಯಾಗಿದೆಯೋ ಅಂತ ಇನ್ನೊಂದು ಸಲ ಮುಟ್ಟಿ ನೋಡಿಕೊಂಡೆ.